ಅಪ್‌ಡೇಟ್: ಬೀದರ್‌ನಲ್ಲಿ ನಮ್ಮ ಮೊದಲ ದಿನ
ಬ್ಯಾಗ್ ಬೆನ್ನಿಗೇರಿಸಿ ಹೊರಟ ಗಂಡ-ಹೆಂಡತಿ ಬೀದರ್‌ನಲ್ಲಿ ಒಂದೇ ದಿನ ಏನೇನು ನೋಡಬಹುದು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು.

ಕೋಟೆಯಿಂದ ಅಷ್ಟೂರಿಗೆ ನಡೆದೇ ಹೋಗಿ ಅಂದವರೇ, ಆ ಬಿಸಿಲಲ್ಲಿ ಅರ್ಧ ದಾರಿಗೇ ಸುಸ್ತು! ನನ್ನವಳು ಮಾತೇ ಬಿಟ್ಟಳು. ಆಟೋ ಹಿಡಿದ ಮೇಲೇ ಅಲ್ಲಿನ ಬಹಮನಿ ಸುಲ್ತಾನರ ಗೋರಿಗಳು ಕಂಡದ್ದು. ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ (ಎಲ್ಲರಿಗೂ ಉಚಿತವಾಗಿ ಬಡಿಸುವ ಊಟದ ಮನೆ) ಊಟ ಮಾಡಿ ಅಂದವರಿಗೆ ಮಾತ್ರ ದೊಡ್ಡ ಥ್ಯಾಂಕ್ಸ್. ಬಿಸಿ ರೊಟ್ಟಿ, ದಾಲ್ ಹೊಟ್ಟೆಗೆ ಬಿದ್ದ ಮೇಲೆ ಅವಳು ನಕ್ಕಳು.

ನೀರಲ್ಲೇ ನಡೆದು ದೇವರ ದರ್ಶನ ಮಾಡುವ ಗುಹಾ ದೇವಸ್ಥಾನ ನರಸಿಂಹ ಝರಣಿ ತಪ್ಪಿತು. ಅಲ್ಲಿ ಎದೆಮಟ್ಟದ ನೀರು, ನಮ್ಮ ಬದಲಿ ಬಟ್ಟೆ ಲಾಡ್ಜ್‌ನಲ್ಲಿ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ ಸಂಜೆ ಸಿಕ್ಕಿತು.

ಗೊತ್ತೇ ಇರದ ಸಂಗತಿ: ಬಿದ್ರಿ ಸಾಮಾನಿಗೆ (ಬೆಳ್ಳಿ ಕುಸುರಿಯ ಇಲ್ಲಿನ ಲೋಹದ ಸಾಮಾನು) ಆ ಕಪ್ಪು ಬಣ್ಣ ಬರುವುದು ಕೋಟೆಯ ಮಣ್ಣಿನಿಂದ. ಕೆಲಸದವರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ರುಚಿ ನೋಡಿಯೇ ಆರಿಸುತ್ತಾರೆ!