ವಾಟಲ್‌ಗೆ ಕನ್ನಡದಲ್ಲಿ ಏನನ್ನೋದು? ಜಾಲಿ ಅಂದ್ರೆ ಅಮ್ಮ ಒಪ್ತಿಲ್ಲ

ಎಲ್ರಿಗೂ ನಮಸ್ಕಾರ. ನಾನಿರೋದು ಮೆಲ್ಬರ್ನಲ್ಲಿ, ಇಲ್ಲೀಗ ಚಳಿ ಮುಗೀತಾ ಬಂತು, ಎಲ್ಲಿ ನೋಡಿದ್ರೂ ಗೋಲ್ಡನ್ ವಾಟಲ್, ಅರಿಶಿನಪುಡಿ ಉಂಡೆ ಕಟ್ಟಿ ಅಂಟಿಸಿದಂಗೆ ಸಣ್ಣ ಸಣ್ಣ ಗುಂಡು ಹೂ. 1988ರಿಂದ ಈ ದೇಶದ ಹೂವೇ ಇದು, ಸೆಪ್ಟೆಂಬರ್ 1 ಅಂದ್ರೆ ವಾಟಲ್ ದಿನ. ಹಿತ್ತಲಲ್ಲಿ ಒಂದು ನೆಟ್ಟೆ ಅಂತ ಅಮ್ಮಂಗೆ ಫೋನಲ್ಲಿ ಹೇಳ್ದೆ, ಯಾವ ಗಿಡನೋ ಅಂದ್ರು, ಜಾಲಿ ಅಂದ್ಬಿಟ್ಟೆ. "ದುಡ್ಡು ಕೊಟ್ಟು ಜಾಲಿ ತಂದು ನೆಡ್ತಾರೇನೋ, ಮಗು ಕಾಲಿಗೆ ಮುಳ್ಳು ಚುಚ್ಚಲ್ವಾ" ಅಂತ ಶುರು ಮಾಡಿದ್ರು.

ಅಲ್ಲೇ ನೋಡಿ ತೊಡಕು, ಇದಕ್ಕೆ ಮುಳ್ಳೇ ಇಲ್ಲ. ವಾಟಲ್‌ಗೆ ಸಸ್ಯಶಾಸ್ತ್ರದಲ್ಲಿ ಅಕೇಶಿಯಾ ಅಂತಾರೆ, ಅಕೇಶಿಯಾ ಅಂದ್ರೆ ಜಾಲಿ ಅಂತ ನಾವು ಅಂದ್ಕೊಂಡಿದ್ವಿ, ಆದ್ರೆ 2005ರಲ್ಲಿ ವಿಯೆನ್ನಾದಲ್ಲಿ ಸಸ್ಯಶಾಸ್ತ್ರದವರು ಸೇರಿ ಅಕೇಶಿಯಾ ಅನ್ನೋ ಹೆಸರನ್ನ ಆಸ್ಟ್ರೇಲಿಯಾದ ಗಿಡಗಳಿಗೇ ಉಳಿಸಿದ್ರು, ನಮ್ಮ ಕರಿಜಾಲಿ ಈಗ ವ್ಯಾಚೆಲಿಯಾ ಅನ್ನೋ ಬೇರೆ ಕುಲ. ಅಂದ್ರೆ ಜಾಲಿ ಅಂದ್ರೆ ಮುಳ್ಳಿನ ಗಿಡ ಅನ್ನೋ ಅಮ್ಮನ ಲೆಕ್ಕವೇ ಸರಿ, ವಾಟಲ್ ಜಾಲಿ ಅಲ್ಲ! ಹಾಗಂತ ಅಕೇಶಿಯಾ ಅಂದ್ರೂ ಕಷ್ಟ, ಮಲೆನಾಡು ಕರಾವಳಿಯವರಿಗೆ ಕಣ್ಣ ಮುಂದೆ ಬರೋದು ನೆಡುತೋಪಿನ ಆ ಉದ್ದುದ್ದ ಮರ.

ವಾಟಲ್ ಅನ್ನೋ ಮಾತಿನ ಬೇರು ಹುಡುಕಿದ್ರೆ ಮಜಾ ಇದೆ. ಹಳೇ ಇಂಗ್ಲಿಷಲ್ಲಿ ಅದು ಗಿಡದ ಹೆಸರೇ ಅಲ್ಲ, ಕಡ್ಡಿ ಹೆಣೆದು ಮಾಡಿದ ತಟ್ಟಿ. ಬ್ರಿಟಿಷರು ಇಲ್ಲಿ ಬಂದಿಳಿದಾಗ ಈ ಗಿಡಗಳ ಬಳುಕೋ ಕೊಂಬೆ ಹೆಣೆದು ಮೇಲೆ ಮಣ್ಣು ಮೆತ್ತಿ ಗುಡಿಸಲು ಕಟ್ಕೊಂಡ್ರು, ಗೋಡೆ ಹೆಸರು ಗಿಡಕ್ಕೆ ಬಂತು. ನಮ್ಮಲ್ಲೂ ತಡಿಕೆ ಗೋಡೆ ಇದ್ದೇ ಇತ್ತಲ್ವಾ, ಹಾಗಾಗಿ ತಡಿಕೆಗಿಡ ಅಂದ್ರೆ ಹೇಗೆ? (ತಟ್ಟಿಗಿಡ ಅಂದ್ರೆ ಬೆಂಗಳೂರಲ್ಲಿ ನಗ್ತಾರೆ, ಬೇಡ.)

ಇನ್ನೊಂದು. ಬೀಜದ ಸಿಪ್ಪೆ ಕಲ್ಲಿನಂಗೆ, ಕಾಡಲ್ಲಿ ಬೆಂಕಿ ಬಿದ್ದ ಮೇಲೆ ಮೊಳೆಯೋದು, ಮನೇಲಾದ್ರೆ ಕುದಿಯೋ ನೀರು ಹುಯ್ದು ರಾತ್ರಿಯೆಲ್ಲಾ ನೆನೆಹಾಕ್ಬೇಕು. ಮೊದಲು ಬರೋ ಎಲೆ ಹುಣಸೆ ಎಲೆ ಥರ ಸಣ್ಣ ಸಣ್ಣದು, ಆಮೇಲೆ ಅವೆಲ್ಲಾ ಹೋಗಿ ತೊಟ್ಟೇ ಚಪ್ಪಟೆಯಾಗಿ ಎಲೆ ಕೆಲಸ ಮಾಡುತ್ತೆ. ಈ ಫಿಲ್ಲೋಡ್‌ಗೆ ತೊಟ್ಟೆಲೆ ಅಂತ ಬರ್ಕೊಂಡಿದ್ದೀನಿ, ಇದಕ್ಕಿಂತ ಒಳ್ಳೇದು ಯಾರಿಗಾದ್ರೂ ಹೊಳೀತಾ? ಬೇಸಾಯದ ಮಾತಿಗೆ ತೊಂದ್ರೆ ಇಲ್ಲ, ಬಿಸಿಲು ಬೇಕು, ನೀರು ಬಸಿದು ಹೋಗೋ ಮಣ್ಣು ಬೇಕು, ಬುಡದಲ್ಲಿ ನೀರು ನಿಂತ್ರೆ ಬೇರು ಕೊಳೆಯುತ್ತೆ, ಹೂ ಮುಗಿದ ಮೇಲೆ ತುದಿ ಚಿವುಟ್ಬೇಕು. ಬೇರಲ್ಲಿ ನಮ್ಮ ಹುರುಳಿ ಅಲಸಂದೆ ಥರಾನೇ ಸಾರಜನಕ ಹಿಡಿಯೋ ಗಂಟು, ಅದಕ್ಕೇ ಗೊಬ್ಬರ ಕೇಳಲ್ಲ.

ಮಲೆನಾಡಲ್ಲಿ ಅಥವಾ ಊಟಿ ಕಡೆ ಇರೋರು ಒಂದು ಹೇಳಿ, ನೀಲಗಿರಿ ಬೆಟ್ಟದಲ್ಲಿ ಇಂಗ್ಲಿಷರು ತಂದು ಹಾಕಿದ ಕಪ್ಪು ವಾಟಲ್ ಇದ್ಯಲ್ಲ, ಅಲ್ಲಿನ ಬಡಗರು, ಕನ್ನಡ ಮಾತಾಡೋರು ಅದನ್ನ ಏನಂತ ಕರೀತಾರೆ? ಅಲ್ಲೇ ಒಂದು ಹೆಸರು ಹುಟ್ಟಿದ್ರೆ ನನ್ನ ತಡಿಕೆಗಿಡ ವಾಪಸ್ ತಗೋತೀನಿ.