ಅಪ್‌ಡೇಟ್: ಬೇರೆ ಬೇರೆ ಸೈಜಿನ ಹಾರ್ಡ್ ಡಿಸ್ಕ್‌ಗಳಲ್ಲಿ ರೇಡ್ ಮಾಡಿದ್ದಾಯ್ತು

ಒಂದು 4 ಟಿಬಿ, ಎರಡು 2 ಟಿಬಿ, ಒಂದು 1 ಟಿಬಿ ಡಿಸ್ಕ್ ಇವೆ, ಇವನ್ನು ಸೇರಿಸಿ ಮನೆಯ ಫೋಟೊ, ವಿಡಿಯೊ ಇಡಲು ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸಿ, ಸಾಮಾನ್ಯವಾಗಿ ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ವ್ಯವಸ್ಥೆ) ಮಾಡಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ರೇಡ್‌ನ ಒಂದು ವಿಧವಾದ ರೇಡ್ 5 ಕೈಬಿಟ್ಟೆ. ಅದು ಪ್ರತಿ ಡಿಸ್ಕ್‌ನಿಂದಲೂ ಅತಿ ಚಿಕ್ಕದರಷ್ಟೇ ಜಾಗ ತೆಗೆದುಕೊಳ್ಳುತ್ತದೆ. ಪ್ಯಾರಿಟಿ (ಕೆಟ್ಟ ಡಿಸ್ಕ್‌ನ ಡೇಟಾ ಮರಳಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿ) ಕಳೆದರೆ ಸಿಗುವುದು ಬರೀ 3 ಟಿಬಿ. ಒಟ್ಟು 9 ಟಿಬಿ ಇರುವಾಗ ಇದು ತೀರಾ ಕಡಿಮೆ ಅಲ್ವಾ?

ಕೊನೆಗೆ ಲಿನಕ್ಸ್‌ನಲ್ಲಿ ಬಿಟಿಆರ್‌ಎಫ್‌ಎಸ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಇಡುವ ಒಂದು ಫೈಲ್ ಸಿಸ್ಟಮ್) ರೇಡ್ 1 ಹಾಕಿದೆ. ಇದು ಇಡೀ ಡಿಸ್ಕ್‌ಗೆ ಜೋಡಿ ಹುಡುಕುವುದಿಲ್ಲ. ಡೇಟಾವನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡಿನ ಎರಡು ಪ್ರತಿಗಳನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡುತ್ತದೆ. ಹಾಗಾಗಿ 9ರಲ್ಲಿ ಅರ್ಧ, ಸುಮಾರು 4.5 ಟಿಬಿ ಸಿಕ್ಕಿತು. ಹೀಗೆ ಅರ್ಧ ಸಿಗಬೇಕಾದರೆ ದೊಡ್ಡ ಡಿಸ್ಕ್ ಉಳಿದವುಗಳ ಒಟ್ಟು ಮೊತ್ತಕ್ಕಿಂತ ಜಾಸ್ತಿ ಇರಬಾರದು, ಅಷ್ಟೇ. ಮೆಟಾಡೇಟಾವನ್ನೂ (ಯಾವ ಫೈಲ್ ಎಲ್ಲಿದೆ ಎಂಬಂಥ ಮಾಹಿತಿ) ರೇಡ್ 1ರಲ್ಲೇ ಇಟ್ಟಿದ್ದೇನೆ.

ನನಗೆ ತುಂಬಾ ಹಿಡಿಸಿದ್ದು ಚೆಕ್‌ಸಮ್, ಅಂದರೆ ಡೇಟಾ ಕೆಟ್ಟಿದೆಯೇ ಎಂದು ತಿಳಿಯಲು ಅದರ ಜೊತೆ ಇಡುವ ತಾಳೆ ಸಂಖ್ಯೆ. ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲ ಡೇಟಾ ಓದಿ ತಾಳೆ ನೋಡುವ ಕೆಲಸ) ಓಡಿಸಿದರೆ ಕೆಟ್ಟ ಪ್ರತಿಯನ್ನು ಪತ್ತೆ ಮಾಡಿ, ಒಳ್ಳೆಯ ಪ್ರತಿಯಿಂದ ಸರಿಪಡಿಸುತ್ತದೆ. ಹಳೆಯ ಫೋಟೊಗಳಿಗೆ ಇದು ಬಹಳ ಮುಖ್ಯ.

ನಾಲ್ಕು ಡಿಸ್ಕ್ ಇದ್ದರೂ ಒಂದು ಹೋದರೆ ಮಾತ್ರ ಡೇಟಾ ಉಳಿಯುತ್ತದೆ, ಒಟ್ಟಿಗೆ ಎರಡು ಹೋದರೆ ಇಲ್ಲ. ಮತ್ತೆ, ತಪ್ಪಿ ಫೈಲ್ ಡಿಲೀಟ್ ಮಾಡಿದರೆ ಯಾವ ರೇಡೂ ಕಾಪಾಡುವುದಿಲ್ಲ. ಅದಕ್ಕೇ ಫೋಟೊಗಳ ಇನ್ನೊಂದು ಪ್ರತಿ ಬೇರೆ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿದೆ.

ಮುಂದೆ 1 ಟಿಬಿ ಬದಲು ಇನ್ನೊಂದು 4 ಟಿಬಿ ಹಾಕುತ್ತೇನೆ. ಆಗ ಜಾಗ 6 ಟಿಬಿ ಆಗುತ್ತದೆ.