ಸಂಖ್ಯೆಯಾಗಿ ಉಳಿದ ದಿನಾಂಕವನ್ನು ಓದುವಂತೆ ಮುದ್ರಿಸುವುದು ಹೇಗೆ?

ಪ್ರಶ್ನೆ – ತೀರ್ಥಹಳ್ಳಿಯಿಂದ

ನಮಸ್ಕಾರ. ನಾನು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಆವಕದ ದಿನಾಂಕವನ್ನು ದಿನ, ತಿಂಗಳು, ವರ್ಷಗಳನ್ನು ಒತ್ತಾಗಿ ಜೋಡಿಸಿದ ಪೂರ್ಣಾಂಕವಾಗಿ ಇಟ್ಟಿದ್ದಾರೆ. ಹೀಗಾಗಿ ರಾಶಿ ಅಡಿಕೆ ತಂದವರಿಗೆ ಕೊಡುವ ಚೀಟಿಯಲ್ಲಿ ತೂಕ, ದರಗಳ ಪಕ್ಕ 5112023 ಎಂದು ಅಚ್ಚಾಗುತ್ತದೆ. ಮೊನ್ನೆ ಹಿರಿಯ ಬೆಳೆಗಾರರೊಬ್ಬರು ಅದನ್ನು ತಮಗೆ ಬರಬೇಕಾದ ಹಣವೆಂದೇ ತಿಳಿದು ಕೌಂಟರಿನ ಮುಂದೆ ನಿಂತಿದ್ದರು. ನನಗೆ ಬಹಳ ಬೇಸರವಾಯಿತು. ದಿನಾಂಕವನ್ನು ಬೇಕಾದ ರೂಪದಲ್ಲಿ ಬರೆದುಕೊಡುವ ಡೇಟ್ ಫಾರ್ಮ್ಯಾಟ್ ಫಂಕ್ಷನ್ನಿಗೆ ಈ ಸಂಖ್ಯೆಯನ್ನು ನೇರವಾಗಿ ಕೊಟ್ಟರೆ ಬರುವುದು ನಲ್, ಅಂದರೆ ಖಾಲಿ ಮೌಲ್ಯ, ಮಾತ್ರ. ದಾರಿ ತಿಳಿಸುವಿರಾ?

ಉತ್ತರ – ಸಾಗರದಿಂದ

ಆ ಫಂಕ್ಷನ್ ಸಂಖ್ಯೆಯಲ್ಲಿ ವರ್ಷವೇ ಮೊದಲಿದೆ ಎಂದುಕೊಂಡು ಓದುತ್ತದೆ. ಉದಾಹರಣೆಗೆ, 2023ರ ನವೆಂಬರ್ 25ನ್ನು ಸೂಚಿಸುವ 25112023 ಅದಕ್ಕೆ 2511ನೇ ಇಸವಿಯ 20ನೇ ತಿಂಗಳ 23ನೇ ದಿನವಾಗಿ ಕಾಣುವುದರಿಂದ, ಅಂಥ ತಿಂಗಳೇ ಇಲ್ಲವೆಂದು ನಲ್ ಕೊಡುತ್ತದೆ. ನಿಮ್ಮ 5112023ರಲ್ಲಿ ಇನ್ನೊಂದು ತೊಡಕೂ ಇದೆ: ಪೂರ್ಣಾಂಕವಾದದ್ದರಿಂದ ಮುಂದಿನ ಸೊನ್ನೆ ಬಿದ್ದುಹೋಗಿ ಏಳೇ ಅಂಕಿ ಉಳಿದಿವೆ. ಆದ್ದರಿಂದ ಮೊದಲು ಎಲ್‌ಪ್ಯಾಡ್‌ನಿಂದ ಎಡಕ್ಕೆ ಸೊನ್ನೆ ತುಂಬಿ ಎಂಟು ಅಂಕಿಗಳ ಪಠ್ಯ ಮಾಡಿಕೊಳ್ಳಿ. ಅದನ್ನು ಪಠ್ಯವನ್ನು ದಿನಾಂಕವಾಗಿಸುವ ಸ್ಟ್ರ್ ಟು ಡೇಟ್‌ಗೆ ಕೊಟ್ಟು, ಒಂದೊಂದರ ಎಡಕ್ಕೂ ಶೇಕಡಾ ಚಿಹ್ನೆಯಿಟ್ಟು ಸಣ್ಣ ಡಿ, ಸಣ್ಣ ಎಂ, ದೊಡ್ಡ ವೈ ಎಂಬ ಮಾದರಿಯನ್ನು ಬರೆಯಿರಿ. ಸಣ್ಣ ವೈ ಬರೆದರೆ ವರ್ಷದ ಎರಡೇ ಅಂಕಿಗಳನ್ನು ಓದುತ್ತದೆ. ಹೀಗೆ ಸಿಕ್ಕ ನಿಜವಾದ ದಿನಾಂಕವನ್ನು ಡೇಟ್ ಫಾರ್ಮ್ಯಾಟ್‌ಗೆ ಕೊಡಬಹುದು. ದಿನಾಂಕ ತುಂಬದ ಸಾಲುಗಳಲ್ಲಿ 0 ಇದ್ದರೆ, ಎಲ್ಲಕ್ಕಿಂತ ಮೊದಲು ನಲ್‌ಇಫ್‌ನಿಂದ ಅದನ್ನು ನಲ್ ಮಾಡಿಕೊಳ್ಳಿ.

ಉತ್ತರ – ಶಿವಮೊಗ್ಗದಿಂದ

ಮೇಲಿನ ಉತ್ತರ ಸರಿಯಾಗಿದೆ. ಆದರೆ ಸಾಲುಗಳನ್ನು ಕ್ರಮವಾಗಿ ಜೋಡಿಸಲು ಆರ್ಡರ್ ಬೈ ಬರೆಯುವಾಗ ಅಚ್ಚಿಗೆಂದು ಮಾಡಿದ ಪಠ್ಯವನ್ನಾಗಲಿ ಹಳೆಯ ಸಂಖ್ಯೆಯನ್ನಾಗಲಿ ಬಳಸಬೇಡಿ. ಎರಡರಲ್ಲೂ ದಿನವೇ ಮುಂದಿರುವುದರಿಂದ 2024ರ ಜನವರಿ 2, 2023ರ ನವೆಂಬರ್ 5ಕ್ಕಿಂತ ಮೇಲೆ ಬಂದು ಕೂರುತ್ತದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಲೆಕ್ಕ ತೆಗೆಯುವಾಗಲೂ ಇದೇ ತೊಂದರೆ. ಡೇಟ್ ಬಗೆಯ ಹೊಸ ಕಾಲಂ ಸೇರಿಸಿ, ಒಮ್ಮೆ ಅಪ್‌ಡೇಟ್ ಮಾಡಿಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ತಿಂಗಳ ಹೆಸರು ಕನ್ನಡದಲ್ಲಿ ಬೇಕಾದರೆ ಮೈಎಸ್‌ಕ್ಯೂಎಲ್‌ನ ಸಿದ್ಧ ಪಟ್ಟಿಯನ್ನು ನಂಬಿ ಕೂರುವಂತಿಲ್ಲ. ಅದರಲ್ಲಿ ಹಿಂದಿ, ತಮಿಳು, ತೆಲುಗು, ಗುಜರಾತಿ ಇವೆ, ಕನ್ನಡವಿಲ್ಲ. ಸಂಖ್ಯೆಗೆ ತಕ್ಕ ಹೆಸರನ್ನು ಪಟ್ಟಿಯಿಂದ ಆರಿಸಿಕೊಡುವ ಇಎಲ್‌ಟಿ ಫಂಕ್ಷನ್ನಿಗೆ ತಿಂಗಳ ಸಂಖ್ಯೆಯನ್ನೂ ಜನವರಿಯಿಂದ ಡಿಸೆಂಬರ್‌ವರೆಗಿನ ಹನ್ನೆರಡು ಹೆಸರುಗಳನ್ನೂ ಕೊಟ್ಟು, ಕನ್‌ಕ್ಯಾಟ್‌ನಿಂದ ದಿನ, ವರ್ಷಗಳನ್ನು ಜೋಡಿಸಿ.

ಮರುನುಡಿ – ತೀರ್ಥಹಳ್ಳಿಯಿಂದ

ಇಬ್ಬರಿಗೂ ಧನ್ಯವಾದಗಳು. ಹೊಸ ಕಾಲಂ ಸೇರಿಸಿ, ಇಎಲ್‌ಟಿಯನ್ನೂ ಬಳಸಿದೆ. ಅದೇ ಚೀಟಿಯಲ್ಲಿ ಈಗ 5 ನವೆಂಬರ್ 2023 ಎಂದು ಅಚ್ಚಾಗಿದೆ. ಆ ಹಿರಿಯರಿಗೆ ಹೊಸ ಪ್ರತಿಯನ್ನು ತಲುಪಿಸುತ್ತೇನೆ.